ಹಸಿರು ಫಲಕವೂ ಕರೆಂಟು ಬಿಲ್ಲೂ

ಬೆಂಗಳೂರಿನ ಅನೇಕ ದೊಡ್ಡ ಕಂಪನಿಗಳ ಕಚೇರಿ ಬಾಗಿಲಲ್ಲಿ ಈಗ ಒಂದು ಫಲಕ ಇರುತ್ತದೆ: ಇದು ಹಸಿರು ಕಟ್ಟಡ. ಬಂಗಾರಪೇಟೆಯಲ್ಲಿ ಮುಂಜಾನೆಯ ರೈಲು ಹತ್ತಿ, ಗುಡಿಸುವುದಕ್ಕೋ ಕಾವಲಿಗೋ ಕಂಪ್ಯೂಟರ್ ಕೆಲಸಕ್ಕೋ ಹೋಗುವ ನಮ್ಮ ಕ್ಯಾಸಂಬಳ್ಳಿ ಸುತ್ತಿನ ಜನ ಅದನ್ನು ದಿನವೂ ನೋಡುತ್ತಾರೆ. ಅದರ ಅರ್ಥವೇನು?

ಅರ್ಥ ಒಳ್ಳೆಯದೇ. ವಿದ್ಯುತ್ತು, ನೀರು ಎಷ್ಟು ಉಳಿಯುತ್ತದೆ, ಬಳಸಿದ ನೀರು ಮತ್ತೆ ಬಳಕೆಗೆ ಬರುತ್ತದೆಯೇ ಎಂದು ಅಂಕ ಹಾಕಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ದರ್ಜೆ ಕೊಡುತ್ತಾರೆ. (ಚಿನ್ನದ ಗಣಿ ಪಕ್ಕದವರಾದ ನಮಗೆ ಈ ಹೆಸರು ಕೇಳಿ ನಗು ಬರುವುದೂ ಉಂಟು.) ಇದೆಲ್ಲ ಬೂಟಾಟಿಕೆಯೆಂದು ನಾವು ಹೇಳುವುದಿಲ್ಲ. ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಚೇರಿಯಿದೆ. ಅದರ ದಕ್ಷಿಣಕ್ಕೆ ನಾರುವ ಮೋರಿ. ವಾಸ್ತುಶಿಲ್ಪಿ ಸಂಜಯ್ ಮೋಹೆಯವರು ಆ ಕಡೆ ಕಿಟಕಿಗಳನ್ನಿಡದೆ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿ, ನಡುವೆ ಸಂದು ಬಿಟ್ಟರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಸಂದಿನ ಗಾಳಿ ಮೇಲೇರುತ್ತದೆ, ಉತ್ತರದಿಂದ ತಂಪು ಗಾಳಿ ತಾನೇ ಒಳಗೆ ಬರುತ್ತದೆ.

ಆದರೆ ಹೊಸ ಕಟ್ಟಡಕ್ಕೆ ದರ್ಜೆ ಕೊಡುವುದು ಬಹುಮಟ್ಟಿಗೆ ನಕ್ಷೆಯನ್ನೂ ಅಂದಾಜು ಲೆಕ್ಕವನ್ನೂ ನೋಡಿ. ಕಟ್ಟಡವಾದರೋ ಮುಂದೆ ಮೂವತ್ತು ನಲವತ್ತು ವರ್ಷ ನಡೆಯಬೇಕು. ಸುತ್ತ ಗಾಜು ಹಾಕಿ, ಒಳಗೆ ರಾತ್ರಿಯೆಲ್ಲ ತಂಪು ಯಂತ್ರ ಓಡಿಸಿದರೂ ಫಲಕ ಗೋಡೆಯಿಂದ ತಾನಾಗಿ ಇಳಿಯದು. ಬಾಡಿಗೆ ಕಟ್ಟಡದಲ್ಲಿ ಮಾಲೀಕನು ಹೊರಕವಚಕ್ಕೆ ಮಾತ್ರ ದರ್ಜೆ ಪಡೆಯಬಹುದು. ಬಾಡಿಗೆದಾರನು ಒಳಗೆ ಉರಿಸುವ ದೀಪ ಬೇರೆ ಲೆಕ್ಕ. ನಡೆಯುತ್ತಿರುವ ಕಟ್ಟಡವನ್ನು ಅಳೆಯುವ ದರ್ಜೆಯೂ ಇದೆ, ಅದನ್ನು ಕೇಳಿ ಪಡೆಯಬೇಕು. ಅಂಗಡಿಯ ಬೋರ್ಡು ನೋಡಿ ಯಾವ ಸಾಹುಕಾರ ಸಾಲ ಕೊಟ್ಟಾನು? ಖಾತೆ ಪುಸ್ತಕ ತೆಗೆ ಎನ್ನುತ್ತಾನೆ.

ಕಟ್ಟಡದ ನೀರಿನ ಲೆಕ್ಕ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರು ಗುರಿ. ಬತ್ತಿದ ಕೆರೆ ತುಂಬಿದ್ದನ್ನು ಕಂಡು ರೈತ ಸಂತೋಷಪಟ್ಟದ್ದೂ ನಿಜ, ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಹೋರಾಡುತ್ತ ಬಂದದ್ದೂ ನಿಜ. ಕಚೇರಿಗಳು ತಮ್ಮ ಶುದ್ಧೀಕರಣ ಯಂತ್ರವನ್ನು ಸರಿಯಾಗಿ ನಡೆಸುತ್ತವೆಯೋ ಇಲ್ಲವೋ ಎಂಬುದು ನಮ್ಮ ಕೆರೆಯ ಪ್ರಶ್ನೆಯೂ ಹೌದು.

ಲೆಕ್ಕವನ್ನು ಬೇಲಿಯೊಳಗೇ ಮುಗಿಸುವ ರೂಢಿ ನಮಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದಿತು. ಚಿನ್ನದ ತೂಕವನ್ನು ಬಿಡದೆ ಬರೆದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸೈನೈಡ್ ಮಣ್ಣಿನ ಗುಡ್ಡಗಳು ಹಾಗೇ ಉಳಿದವು. ಗಾಳಿ ಬೀಸಿದರೆ ಆ ಧೂಳು ಯಾರ ಮನೆಯ ಅನ್ನದ ಮೇಲೆ ಬೀಳುತ್ತದೆಂದು ಊರಿನವರು ಬಲ್ಲರು.

ಗಣಿಯ ಜಮೀನಿನಲ್ಲಿ ಕೈಗಾರಿಕಾ ವಸಾಹತು ಮಾಡುವ ಮಾತು ವರ್ಷಗಳಿಂದ ನಡೆದಿದೆ. ಅಲ್ಲಿಗೂ ಹಸಿರು ಫಲಕದ ಕಟ್ಟಡಗಳು ಬರಬಹುದು, ಬರಲಿ. ಜಮೀನು ಕೊಡುವ ಕರಾರಿನಲ್ಲೇ ಬರೆಸಿಕೊಳ್ಳಬೇಕು: ಚದರಡಿಗೆ ಎಷ್ಟು ವಿದ್ಯುತ್ತು, ತಲೆಗೆ ಎಷ್ಟು ನೀರು, ಹೊರಬಿಟ್ಟ ನೀರು ಎಂಥದು ಎಂಬ ಪಟ್ಟಿಯನ್ನು ವರ್ಷವರ್ಷವೂ ಫಲಕದ ಪಕ್ಕದಲ್ಲೇ ತೂಗುಹಾಕತಕ್ಕದ್ದು. ಆ ಯಂತ್ರಗಳನ್ನು ನೋಡಿಕೊಳ್ಳುವವನು ಗುತ್ತಿಗೆಯವನೋ ಕಾಯಂ ನೌಕರನೋ, ಅವನ ಸಂಬಳವೆಷ್ಟು ಎಂಬುದನ್ನೂ ಅದೇ ಪಟ್ಟಿಯಲ್ಲಿ ಸೇರಿಸತಕ್ಕದ್ದು.