ಒಂದು ಸಾಲಿನ ಸುದ್ದಿ

ಟೆನಿಸ್ ಟೂರ್ನಿಯ ವರದಿಯಲ್ಲಿ ಡಬಲ್ಸ್‌ಗೆ ಸಿಗುವ ಸ್ಥಾನ, ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ‘ಮತ್ತು ಬಂಧುವರ್ಗದವರು’ ಎಂಬ ಮಾತಿಗೆ ಸಿಗುವ ಸ್ಥಾನದಂಥದು. ಎಲ್ಲ ಮುಗಿದ ಮೇಲೆ, ಕೊನೆಗೆ ಒಂದು ಸಾಲು. ದೊಡ್ಡ ಟೂರ್ನಿಗಳಲ್ಲೇ ಹೀಗಾದರೆ ಚಾಲೆಂಜರ್ ಟೂರ್ನಿಗಳ ಡಬಲ್ಸ್ ಪಾಡು ಕೇಳುವುದೇ ಬೇಡ. ಗೆದ್ದವರ ಹೆಸರು ಅಚ್ಚಾದರೆ ಅದೇ ದೊಡ್ಡದು.

ವೃತ್ತಿಪರ ಪುರುಷರ ಟೆನಿಸ್ ಒಂದು ಮೂರಂತಸ್ತಿನ ಮನೆ. ಕೆಳಗಿನದು ಹೊಸಬರು ಬೆವರು ಸುರಿಸುವ ಐಟಿಎಫ್ ಟೂರ್ನಿಗಳ ಅಂತಸ್ತು. ಮೇಲಿನದರಲ್ಲಿ ಎಟಿಪಿ ಟೂರ್ನಿಗಳೂ ಗ್ರ್ಯಾಂಡ್ ಸ್ಲಾಮ್‌ಗಳೂ ಇವೆ. ನಡುವಿನದೇ ಚಾಲೆಂಜರ್. ಮೇಲೆ ಹತ್ತುವವರು, ಗಾಯದಿಂದ ಚೇತರಿಸಿಕೊಂಡು ಮರಳಿದವರು, ವಯಸ್ಸಾಗಿ ಕೆಳಗಿಳಿಯುತ್ತಿರುವವರು ಎಲ್ಲರೂ ಎದುರುಬದುರಾಗುವುದು ಈ ನಡುವಣ ಅಂತಸ್ತಿನಲ್ಲಿ. ಬೆಂಗಳೂರಿನವರಿಗೆ ಇದು ಅಪರಿಚಿತವಲ್ಲ. ಕಬ್ಬನ್ ಉದ್ಯಾನದ ಅಂಗಣಗಳಲ್ಲಿ ನಡೆದ ಬೆಂಗಳೂರು ಓಪನ್ ಈ ದರ್ಜೆಯ ಟೂರ್ನಿಯೇ.

ಇಲ್ಲಿ ಡಬಲ್ಸ್ ಕಣಕ್ಕಿಳಿಯುವುದು ಸಾಮಾನ್ಯವಾಗಿ 16 ಜೋಡಿಗಳು. ಜೋಡಿ ಎಂದರೆ ವರ್ಷಗಟ್ಟಲೆ ಒಟ್ಟಿಗೆ ಪಳಗಿದವರೇ ಆಗಬೇಕೆಂದಿಲ್ಲ. ಎಷ್ಟೋ ಜೋಡಿಗಳ ಸಂಬಂಧ ಒಂದೇ ವಾರದ್ದು. ಇಬ್ಬರ ರ್‍ಯಾಂಕಿಂಗ್ ಕೂಡಿಸಿ ಪ್ರವೇಶ ನಿರ್ಧಾರವಾಗುವುದರಿಂದ, ಯಾರೊಡನೆ ಸೇರಿದರೆ ಒಳಗೆ ಹೋಗಬಹುದು ಎಂಬ ಲೆಕ್ಕಾಚಾರ ಕೊನೆಯ ಗಳಿಗೆಯವರೆಗೂ ನಡೆಯುತ್ತದೆ. ಸಿಂಗಲ್ಸ್ ಆಡಲು ಬಂದವನು ಕೈ ಪಳಗಲೆಂದು ಡಬಲ್ಸ್‌ಗೂ ಹೆಸರು ಕೊಡುತ್ತಾನೆ. ಸಿಂಗಲ್ಸ್‌ನಲ್ಲಿ ಸೆಮಿಫೈನಲ್ ಕಂಡರೆ, ಮೈ ಉಳಿಸಿಕೊಳ್ಳಲು ಡಬಲ್ಸ್‌ನಿಂದ ಹಿಂದೆ ಸರಿಯುವುದೂ ಉಂಟು. ಆಗ ಡಬಲ್ಸನ್ನೇ ನಂಬಿ ಬಂದ ಜೊತೆಗಾರನಿಗೆ ಆ ವಾರ ಅಲ್ಲಿಗೆ ಮುಗಿಯಿತು.

ಆಟದ ನಿಯಮಗಳೂ ಕರುಣೆಯಿಲ್ಲದವು. 2005ರಲ್ಲಿ ಎಟಿಪಿ ಡಬಲ್ಸ್ ಪಂದ್ಯಗಳನ್ನು ಮೊಟಕುಗೊಳಿಸಲು ಹೊರಟಾಗ ಆಟಗಾರರು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. ಕೊನೆಗೆ ಉಳಿದದ್ದು ಈ ಪದ್ಧತಿ: ಗೇಮ್ 40-40 ಆದರೆ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟ್‌ಗೆ ತೀರ್ಮಾನ, ಸರ್ವ್ ಯಾವ ಬದಿಗೆ ಬರಬೇಕೆಂದು ಹೇಳುವವರು ಎದುರಾಳಿಗಳು. ಸೆಟ್ಟುಗಳು 1-1 ಆದರೆ ಮೂರನೆಯ ಸೆಟ್ಟೇ ಇಲ್ಲ, ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಸಿಂಗಲ್ಸ್‌ನಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳಲು ಸಮಯವಿದೆ. ಇಲ್ಲಿ ಒಂದು ಡಬಲ್ ಫಾಲ್ಟ್ ಮಾಡಿ ತಲೆಯೆತ್ತುವಷ್ಟರಲ್ಲಿ ಪಂದ್ಯವೇ ಕೈಜಾರಿರುತ್ತದೆ.

ಇಷ್ಟೆಲ್ಲ ಪಟ್ಟು ಸಿಗುವುದೇನು? ಟೂರ್ನಿಯ ಬಹುಮಾನದ ಮೊತ್ತದಲ್ಲಿ ಸಿಂಹಪಾಲು ಸಿಂಗಲ್ಸ್‌ಗೆ. ಉಳಿದದ್ದು ಡಬಲ್ಸ್‌ಗೆ, ಅದರಲ್ಲೂ ಇಬ್ಬರು ಪಾಲುದಾರರು. ಮೊದಲ ಸುತ್ತಿನಲ್ಲೇ ಸೋತವನಿಗೆ ಬಂದ ಹಣ ವಿಮಾನದ ಟಿಕೆಟ್ಟಿಗೂ ಸಾಲದೆ ಹೋಗಬಹುದು. ಆದರೆ ಒಂದು ಸಮಾಧಾನವಿದೆ. ಹಣವನ್ನು ಹಂಚಿಕೊಳ್ಳಬೇಕು, ಅಂಕಗಳನ್ನಲ್ಲ. 100ರ ದರ್ಜೆಯ ಚಾಲೆಂಜರ್ ಗೆದ್ದರೆ ಇಬ್ಬರಿಗೂ ಪೂರ್ತಿ ನೂರು ನೂರು ಅಂಕ. ಆ ಅಂಕಗಳೇ ಮೇಲಿನ ಅಂತಸ್ತಿನ ಬಾಗಿಲಿನ ಕೀಲಿಕೈ.

ಆ ಬಾಗಿಲು ನಿಜಕ್ಕೂ ತೆರೆಯುತ್ತದೆಯೇ ಎಂದು ಕೇಳುವವರು 2020ರ ಫೆಬ್ರುವರಿಯಲ್ಲಿ ಬೆಂಗಳೂರು ಓಪನ್‌ನ ಡಬಲ್ಸ್ ಫೈನಲ್ ಆಡಿದ ನಾಲ್ವರನ್ನು ನೋಡಬೇಕು. ಒಂದು ಕಡೆ 46 ವರ್ಷದ ಲಿಯಾಂಡರ್ ಪೇಸ್, ಅವರ ಜೊತೆಗೆ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಎದುರಿಗೆ ಪುರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್. ಪೇಸ್ ವಿದಾಯದ ವರ್ಷದಲ್ಲಿದ್ದರು. ಪ್ರೇಕ್ಷಕರು ಬಂದದ್ದು ಅವರನ್ನು ನೋಡಲು. ಪಂದ್ಯ ಮಾತ್ರ 6-0, 6-3ರಿಂದ ರಾಜಾ-ರಾಮ್‌ಕುಮಾರ್ ಪಾಲಾಯಿತು. ಅಂದು ಸೋತ ಎಬ್ಡೆನ್, 2022ರಲ್ಲಿ ಮ್ಯಾಕ್ಸ್ ಪರ್ಸೆಲ್ ಜೊತೆಗೂಡಿ ವಿಂಬಲ್ಡನ್ ಗೆದ್ದರು. ಗೆದ್ದ ರಾಮ್‌ಕುಮಾರ್ 2022ರ ಆರಂಭದಲ್ಲಿ ರೋಹನ್ ಬೋಪಣ್ಣ ಜೊತೆಗೆ ಅಡಿಲೇಡ್ ಮತ್ತು ಪುಣೆಯಲ್ಲಿ ಎಟಿಪಿ ಪ್ರಶಸ್ತಿ ಪಡೆದರು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಎತ್ತಿ ಹಿಡಿದದ್ದು ಬೋಪಣ್ಣ ಮತ್ತು ಅದೇ ಎಬ್ಡೆನ್.

ಕೊಡಗಿನ ಬೋಪಣ್ಣನವರ ಕಥೆಯೂ ಈ ಮೆಟ್ಟಿಲಿನದೇ. ಸಿಂಗಲ್ಸ್‌ನಲ್ಲಿ ಅವರು ಏರಿದ್ದು 213ನೆಯ ಸ್ಥಾನದವರೆಗೆ, 2007ರಲ್ಲಿ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ಅದೇ ವರ್ಷ ಚಾಲೆಂಜರ್ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರು. 2010ರಲ್ಲಿ ಈ ಜೋಡಿ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ಟುಗಳನ್ನು ಟೈಬ್ರೇಕ್‌ವರೆಗೆ ಒಯ್ದಿತು. ಕೊನೆಗೆ 43ನೆಯ ವಯಸ್ಸಿನಲ್ಲಿ ಬೋಪಣ್ಣ ವಿಶ್ವದ ನಂಬರ್ ಒನ್ ಆದರು. ಅಷ್ಟು ವಯಸ್ಸಾದ ಮೇಲೆ ಆ ಸ್ಥಾನ ಮೊದಲ ಬಾರಿಗೆ ಏರಿದವರು ಬೇರೊಬ್ಬರಿಲ್ಲ.

ಹಾಗೆಂದು ಡಬಲ್ಸನ್ನು ಹೊಗಳಿ ಅಟ್ಟಕ್ಕೇರಿಸುವುದು ಸರಿಯಲ್ಲ. ಭಾರತೀಯರು ಡಬಲ್ಸ್‌ನಲ್ಲಿ ಮಿಂಚಿದ್ದಕ್ಕೆ ಸಿಂಗಲ್ಸ್‌ನ ದಾರಿ ನಮ್ಮವರಿಗೆ ದುರ್ಗಮವಾದದ್ದೂ ಒಂದು ಕಾರಣ. ತರಬೇತುದಾರ, ಫಿಸಿಯೋ ಎಂದು ಪರಿವಾರ ಕಟ್ಟಿಕೊಂಡು ವರ್ಷವಿಡೀ ದೇಶ ದೇಶ ಸುತ್ತುವ ಶಕ್ತಿ ಎಷ್ಟು ಮನೆಗಳಿಗಿದೆ? ಇಬ್ಬರು ಸೇರಿದರೆ ಒಬ್ಬ ತರಬೇತುದಾರನ ಖರ್ಚನ್ನು ಹಂಚಿಕೊಳ್ಳಬಹುದು. ಬೇಗನೆ ಡಬಲ್ಸ್‌ಗೆ ಹೊರಳಿದ ಹುಡುಗ ತನ್ನ ಸಿಂಗಲ್ಸ್ ಕನಸನ್ನು ಮಡಚಿಟ್ಟಿರುತ್ತಾನೆ ಎಂಬುದನ್ನೂ ಮರೆಯಬಾರದು. ಊರಲ್ಲೇ ಒಂದು ಚಾಲೆಂಜರ್ ನಡೆದರೆ ಅಂಥವನಿಗೆ ವಿಮಾನದ ಖರ್ಚಿಲ್ಲದೆ ಅಂಕ ಗಳಿಸುವ ಅವಕಾಶ. ಅದಕ್ಕೇ ಇಂಥ ಟೂರ್ನಿಗಳು ನಿಲ್ಲದೆ ನಡೆಯಬೇಕು, ಡಬಲ್ಸ್ ಬಹುಮಾನವೂ ತುಸು ಹಿಗ್ಗಬೇಕು.

ಇದು ಸಂಘಟಕರ ಕೆಲಸವಾಯಿತು. ನೋಡುವವರ ಕೆಲಸವೂ ಒಂದಿದೆ. ಸಿಂಗಲ್ಸ್ ಮುಗಿಯುತ್ತಲೇ ಚಪ್ಪಲಿ ಹುಡುಕುವ ಅಭ್ಯಾಸ ನಮ್ಮದು. ಇನ್ನೊಂದು ಗಂಟೆ ಕುಳಿತರೆ ನಷ್ಟವೇನಿಲ್ಲ. ಪಕ್ಕದ ಸಣ್ಣ ಅಂಗಣದಲ್ಲಿ, ಹತ್ತಿಪ್ಪತ್ತು ಜನರ ಮುಂದೆ, ಮೊನ್ನೆಯಷ್ಟೇ ಜೊತೆಯಾದ ಇಬ್ಬರು ಪಾಯಿಂಟ್ ಪಾಯಿಂಟ್ ನಡುವೆ ಕಿವಿಯಲ್ಲಿ ಪಿಸುಗುಡುತ್ತಿರುತ್ತಾರೆ. ಅವರಲ್ಲೊಬ್ಬ ಮುಂದೆ ಎಬ್ಡೆನ್ ಆಗಬಹುದು. ಆಗದೆಯೂ ಇರಬಹುದು. ಅಂದಿನ ಅವರ ಆಟಕ್ಕಂತೂ ಒಂದು ಚಪ್ಪಾಳೆ ಸಲ್ಲಬೇಕು.