ಹಚ್ಚೆಯೂ ಹೆತ್ತವರ ಬುದ್ಧಿವಾದವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಕೂಡಿದಾಗಲೆಲ್ಲಾ ಮಾತು ಮಕ್ಕಳ ಕಡೆಗೆ ತಿರುಗುವುದು ಸಹಜ. ಕುಶಲಪ್ರಶ್ನೆಗಳು ಮುಗಿದ ಮೇಲೆ ಇತ್ತೀಚೆಗೆ ಕೆಲವು ತಾಯಂದಿರು ದನಿ ತಗ್ಗಿಸಿ ಇನ್ನೊಂದು ಸಂಗತಿಯನ್ನು ಹೇಳತೊಡಗಿದ್ದಾರೆ: ಕಾಲೇಜಿಗೆ ಹೋದ ಮಗಳು ಮೈಮೇಲೆ ಹಚ್ಚೆ ಹೊಯ್ಯಿಸಿಕೊಳ್ಳುವೆನೆಂದು ಹಟ ಹಿಡಿದಿದ್ದಾಳೆ, ಏನು ಮಾಡಲಿ? ಕೆಲವರು ಗದರಿಸಿದ್ದಾರೆ, ಕೆಲವರು ಅತ್ತಿದ್ದಾರೆ, ಕೆಲವರು ಫೀಜು ಕಟ್ಟುವುದಿಲ್ಲವೆಂದು ಹೆದರಿಸಿದ್ದಾರೆ. ನಾನೂ ಅವರಲ್ಲೊಬ್ಬಳಾದುದರಿಂದ ಈ ವಿಷಯದಲ್ಲಿ ನನಗೆ ತೋರಿದುದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಹೆತ್ತವರು ಇದನ್ನು ತಡೆಯಲೆಳಸುವುದು ತಪ್ಪಲ್ಲ. ಆದರೆ ಸತ್ಯವಾದ ಕಾರಣಗಳನ್ನು ಮಾತ್ರ ಹೇಳಿ ತಡೆಯಬೇಕು. ಪ್ರಾಯಕ್ಕೆ ಬಂದ ಮಗಳಿಗೆ ಕೊನೆಯ ಮಾತನ್ನು ಬಿಟ್ಟುಕೊಡಬೇಕು. ಇದೇ ನನ್ನ ಅಭಿಪ್ರಾಯ.

ಹಚ್ಚೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಹಸುರೆಂಬ ಅರ್ಥದ ‘ಪಚ್ಚೆ’ಯೇ ಕನ್ನಡದಲ್ಲಿ ‘ಹಚ್ಚೆ’ಯಾಯಿತು, ದೀಪದ ಕಾಡಿಗೆಯ ಕಪ್ಪು ಚರ್ಮದೊಳಕ್ಕೆ ಇಳಿದ ಮೇಲೆ ಹಸುರುನೀಲಿಯಾಗಿ ಕಾಣುತ್ತದಷ್ಟೆ. ಕೊರವ ಜನದ ಹೆಂಗಸರು ಸೂಜಿಗಳ ಕಟ್ಟನ್ನು ಹಿಡಿದು ಊರೂರು ತಿರುಗಿ, ನೋವು ಮರೆಯಲೆಂದು ಹಾಡು ಹೇಳುತ್ತಾ, ಹೆಣ್ಣುಮಕ್ಕಳ ಹಣೆ ತೋಳುಗಳ ಮೇಲೆ ಚುಕ್ಕಿ, ರಂಗೋಲಿ, ಚೇಳುಗಳನ್ನು ಮೂಡಿಸುತ್ತಿದ್ದರು. ಸತ್ತ ಮೇಲೂ ಸಂಗಡ ಬರುವ ಒಡವೆ ಇದೊಂದೇ ಎಂಬುದು ಹಿಂದಿನವರ ನಂಬಿಕೆಯಾಗಿತ್ತು.

ನನ್ನ ತಾಯಿಯ ತಾಯಿಯವರ ಹಣೆಯಲ್ಲಿಯೂ ಮುಂಗೈಗಳಲ್ಲಿಯೂ ಇಂತಹ ಹಚ್ಚೆಗಳಿದ್ದವು. ಎಂಟು ವರ್ಷದ ಹುಡುಗಿಯಾಗಿದ್ದಾಗ ಇಬ್ಬರು ಹೆಂಗಸರು ಅವರ ಕೈಕಾಲುಗಳನ್ನು ಒತ್ತಿ ಹಿಡಿದು ಹೊಯ್ಯಿಸಿದರಂತೆ. “ನೋವು ನಾಲ್ಕು ದಿನಕ್ಕೆ ಹೋಯಿತು, ನನ್ನನ್ನು ಯಾರೂ ಕೇಳಲಿಲ್ಲವಲ್ಲಾ ಎಂಬುದು ಮಾತ್ರ ಹೋಗಲಿಲ್ಲ” ಎಂದು ಅವರು ಹೇಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಾನೇ ಕೇಳಿದ್ದೇನೆ. ತಮ್ಮ ಮಗಳ ಸರದಿ ಬಂದಾಗ ಅವರು ಬಾಗಿಲಲ್ಲಿ ನಿಂತು ಹಚ್ಚೆಯವಳನ್ನು ಹಿಂದಕ್ಕೆ ಕಳುಹಿಸಿದರು. ಮುಂದೆ ಆ ಮಗಳನ್ನು ಈ ಶಾಲೆಗೆ ಸೇರಿಸಿದರು. ಆ ಮಗಳೇ ನನ್ನ ತಾಯಿ. ಇಲ್ಲಿಯ ಉಪಾಧ್ಯಾಯಿನಿಯರು ತಿದ್ದಿಸಿದ ದುಂಡಾದ ಕೈಬರಹವು 2021ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಉಳಿದಿತ್ತು.

ನನ್ನ ಮಗಳಿಗೆ ಈಗ 19 ವರ್ಷ; ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಹೋದ ವರುಷ ಕ್ರಿಸ್ತಜಯಂತಿಯ ರಜೆಗೆ ಬಂದವಳು, ನನ್ನ ತಾಯಿಯವರ ಸತ್ಯವೇದದ ಮೊದಲ ಪುಟವನ್ನು ಬಿಡಿಸಿ, “ಅಮ್ಮಾ, ಅಜ್ಜಿ ಬರೆದಿರುವ ಅಕ್ಷರಗಳಲ್ಲಿಯೇ ಅವರ ಹೆಸರನ್ನು ನನ್ನ ಮುಂಗೈಯ ಒಳಬದಿಗೆ ಹಚ್ಚೆ ಹೊಯ್ಯಿಸಿಕೊಳ್ಳುತ್ತೇನೆ” ಎಂದಳು.

ನನ್ನ ಯಜಮಾನರು ಕೂಡಲೇ ಅದೇ ಗ್ರಂಥದಲ್ಲಿ ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೆಗೆದು ಹಚ್ಚೆಯ ನಿಷೇಧವನ್ನು ತೋರಿಸಿದರು. ಸತ್ತವರ ನಿಮಿತ್ತ ಮೈಯನ್ನು ಕೊಯ್ದುಕೊಳ್ಳಬಾರದೆಂಬ ವಿಧಿಯ ಜೊತೆಯಲ್ಲಿಯೇ ಅದು ಬಂದಿದೆ. ಮಗಳು ಅದೇ ಅಧ್ಯಾಯದಲ್ಲಿ ಮೇಲಕ್ಕೆ ಬೆರಳೋಡಿಸಿ, ಎರಡು ಬಗೆಯ ನೂಲು ಬೆರೆಸಿದ ಬಟ್ಟೆಯನ್ನು ಉಡಬಾರದೆಂಬ ವಿಧಿಯನ್ನು ತೋರಿಸಿ, ತಂದೆಯ ಟೆರಿಕಾಟ್ ಅಂಗಿಯನ್ನು ನೋಡಿ ಸುಮ್ಮನಾದಳು. ಐಗುಪ್ತದ ಕೊಪ್ಟ್ ಕ್ರೈಸ್ತರು ಶತಮಾನಗಳಿಂದ ಮುಂಗೈಯಲ್ಲಿ ಚಿಕ್ಕ ಶಿಲುಬೆಯ ಹಚ್ಚೆಯನ್ನು ಧರಿಸುತ್ತಾರೆಂಬುದನ್ನೂ, ಯೆರೂಸಲೇಮಿಗೆ ಯಾತ್ರೆ ಹೋದವರು ಗುರುತಿಗಾಗಿ ಹಚ್ಚೆ ಹೊಯ್ಯಿಸಿಕೊಳ್ಳುವ ರೂಢಿ ಇಂದಿಗೂ ಇದೆಯೆಂಬುದನ್ನೂ ಅವಳು ಓದಿದ್ದಳು. ಉತ್ತರವಿಲ್ಲದವರ ಕೈಗೆ ಸಿಕ್ಕುವುದು ಕೋಪ. “ಹಾಗಾದರೆ ನಿನ್ನ ಫೀಜನ್ನು ನೀನೇ ಕಟ್ಟಿಕೋ” ಎಂದರು ಅವರು. “ನಾಳೆ ನಿನ್ನನ್ನು ಯಾರು ಮದುವೆಯಾಗುತ್ತಾರೆ?” ಎಂದೆನು ನಾನು. ಅವಳು ಮಾತನಾಡದೆ ಮರುದಿನ ಬೆಂಗಳೂರಿಗೆ ಹೊರಟುಹೋದಳು. ಹದಿನಾರು ದಿನ ನಮ್ಮ ಮನೆಗೆ ಅವಳ ಫೋನು ಬರಲಿಲ್ಲ.

ಆ ದಿನಗಳಲ್ಲಿ ನನಗೆ ಅಜ್ಜಿಯವರ ಮಾತು ನೆನಪಾಯಿತು. ಕೇಳದೆ ಹಚ್ಚೆ ಹೊಯ್ಯಿಸಿದವರೂ ಅವರ ಹಿತವನ್ನೇ ಬಯಸಿದ್ದರು; ಹಚ್ಚೆಯಿಲ್ಲದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದೇ ಅವರೂ ಹೇಳಿದ್ದರು. ನಾನು ಆಡಿದುದು ಅದೇ ಮಾತಲ್ಲವೆ? ಮಗಳನ್ನು ಒತ್ತಿ ಹಿಡಿದು ಗುರುತು ಹಾಕುವುದು ತಪ್ಪಾದರೆ, ಹೆದರಿಸಿ ಗುರುತು ಹಾಕದಂತೆ ಮಾಡುವುದೂ ಅದೇ ಜಾತಿಯ ತಪ್ಪು. ಅಜ್ಜಿಯವರು ಬಾಗಿಲಲ್ಲಿ ನಿಂತು ಉಳಿಸಿದುದು ಮಗಳ ಚರ್ಮವನ್ನು ಮಾತ್ರವಲ್ಲ, ದೊಡ್ಡವಳಾದ ಮೇಲೆ ತಾನೇ ಆರಿಸಿಕೊಳ್ಳುವ ಅವಳ ಹಕ್ಕನ್ನು.

ಹಾಗಾದರೆ ಹೆತ್ತವರು ಬಾಯಿ ಮುಚ್ಚಿಕೊಂಡಿರಬೇಕೆ? ಎಂದಿಗೂ ಇಲ್ಲ. ಹೇಳಬೇಕಾದ ನಿಜವಾದ ಕಾರಣಗಳೇ ಬೇಕಾದಷ್ಟಿವೆ. ನಮ್ಮ ಚರ್ಮದ ಮೇಲ್ಪದರವು ತಾನಾಗಿ ಉದುರಿ ಹೊಸತಾಗುತ್ತಿರುತ್ತದೆ. ಹಚ್ಚೆಯ ಮಸಿಯು ಅದರ ಕೆಳಗಣ ಪದರದಲ್ಲಿ ನಿಲ್ಲುವುದರಿಂದಲೇ ಅಳಿಯುವುದಿಲ್ಲ. ಲೇಸರ್ ಕಿರಣದಿಂದ ತೆಗೆಯಿಸಬಹುದೆಂಬುದು ನಿಜ. ಆದರೆ ವಾರಗಳ ಅಂತರವಿಟ್ಟು ಹಲವು ಸಲ ಹೋಗಬೇಕು. ಹೊಯ್ಯಿಸಿದುದಕ್ಕಿಂತ ಬಹಳ ಹೆಚ್ಚು ಹಣ ತೆರಬೇಕು. ಆದರೂ ಪೂರ್ತಿ ಹೋಗುವುದೆಂಬ ಭರವಸೆಯಿಲ್ಲ. ಶುಚಿಮಾಡದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಸೋಂಕುಗಳು ಹರಡಬಲ್ಲವು, ಒಂದೇ ಸೂಜಿಯಿಂದ ಹತ್ತು ಮಂದಿಗೆ ಹೊಯ್ಯುವ ಜಾತ್ರೆಯ ಹಚ್ಚೆಯಲ್ಲಿ ಈ ಭಯ ಹೆಚ್ಚು. ಕಿವಿ ಚುಚ್ಚಿಸಿದ ಗಾಯವು ಗಂಟುಕಟ್ಟಿ ಬೆಳೆದವರಿಗೆ ಹಚ್ಚೆಯ ಗಾಯವೂ ಹಾಗೆಯೇ ಬೆಳೆಯಬಹುದು.

ಮಸಿಯ ವಿಷಯವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಯೂರೋಪಿನ ಒಕ್ಕೂಟವು 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ಸಾವಿರಾರು ರಾಸಾಯನಿಕಗಳ ಬಳಕೆಗೆ ಕಟ್ಟುನಿಟ್ಟಾದ ಮಿತಿಯಿಟ್ಟಿತು. ಇನ್ನು ಉದ್ಯೋಗದ ಮಾತು. ನಮ್ಮ ಶಾಲೆಯಿಂದ ದಾದಿಯರಾಗಿ ಹೊರಟವರು ಅನೇಕರು. ಸೈನ್ಯದ ಸೇವೆಗೆ ಸೇರಬೇಕೆನ್ನುವ ಹುಡುಗಿಯರೂ ಉಂಟು. ನಮ್ಮ ದೇಶದ ಸೈನ್ಯಕ್ಕೆ ಸೇರುವವರಿಗೆ ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಗಳಲ್ಲಿ ಮಾತ್ರ ಶಾಶ್ವತವಾದ ಹಚ್ಚೆಗೆ ಅನುಮತಿಯಿದೆ. ಬುಡಕಟ್ಟಿನವರಿಗೆ ಅವರ ಪದ್ಧತಿಗನುಸಾರವಾಗಿ ವಿನಾಯಿತಿಯುಂಟು. ಕತ್ತಿನ ಮೇಲೆ ಹೊಯ್ಯಿಸಿಕೊಂಡ ಹುಡುಗಿಯು ಒಂದು ಬಾಗಿಲನ್ನು ತನಗೆ ತಾನೇ ಮುಚ್ಚಿಕೊಂಡಂತಾಯಿತು. ಹಚ್ಚೆ ಹೊಯ್ಯಿಸಿಕೊಂಡವರಿಂದ ಕೆಲವು ಕಾಲದವರೆಗೆ ರಕ್ತದಾನವನ್ನು ಸ್ವೀಕರಿಸುವುದಿಲ್ಲವೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

ಹದಿನೇಳನೆಯ ದಿನ ನಾನೇ ಬೆಂಗಳೂರಿಗೆ ಹೋದೆನು. ಮದುವೆಯ ಮಾತಿಗಾಗಿ ಮೊದಲು ಕ್ಷಮೆ ಕೇಳಿ, ಅನಂತರ ಮೇಲೆ ಬರೆದುದನ್ನೆಲ್ಲಾ ಹೇಳಿದೆನು. ಸೂಜಿ, ಮಸಿ, ಲೇಸರುಗಳ ಸಂಗತಿಯೆಲ್ಲವೂ ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಎರಡೇ. ಒಂದು, ಸಣ್ಣ ಗೆರೆಗಳು ವರ್ಷಗಳು ಕಳೆದಂತೆ ಚರ್ಮದಲ್ಲಿ ಹರಡಿ ದಪ್ಪವಾಗುತ್ತವೆ. ಅಜ್ಜಿಯ ಹೆಸರಿನ ಒತ್ತಕ್ಷರವೂ ಕೊಂಬೂ ಒಂದಕ್ಕೊಂದು ಕೂಡಿಕೊಂಡು, ಯಾವ ಕೈಬರಹವನ್ನು ಉಳಿಸಬೇಕೆಂದಿದ್ದಳೋ ಅದೇ ಅಳಿಸಿದಂತಾಗಬಹುದು. ಇನ್ನೊಂದು, ನನ್ನ ಅಜ್ಜಿಯವರ ಕಥೆ. ಅದನ್ನು ನಾನು ಅವಳಿಗೆ ಅಂದಿನವರೆಗೂ ಹೇಳಿರಲಿಲ್ಲ. ತನ್ನ ಅಜ್ಜಿಯ ಕೈ ಬರಿದಾಗಿದ್ದುದು ಏಕೆಂಬುದು ಅವಳಿಗೆ ಹೊಸ ಸಂಗತಿಯಾಗಿತ್ತು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಮೊದಲೇ ಇದನ್ನೇಕೆ ಹೇಳಲಿಲ್ಲ, ಅಮ್ಮಾ?” ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಅವಳು ಒಂದು ವರ್ಷ ತಡೆಯುವಳು. ಆ ಹೆಸರಿನ ಪ್ರತಿಯನ್ನು ಚೀಟಿಯಲ್ಲಿ ತೆಗೆದು ತನ್ನ ಮೇಜಿನ ಮೇಲಿಟ್ಟುಕೊಂಡು, ದಿನವೂ ನೋಡುವಳು. ವರ್ಷ ತುಂಬಿದ ಮೇಲೂ ಅವಳ ಮನಸ್ಸು ಬದಲಾಗದಿದ್ದರೆ, ನಾನೇ ಅವಳೊಡನೆ ಹೋಗಿ, ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರಿಗೇ ಒಡೆಯುವುದನ್ನು ನೋಡಿ, ಪಕ್ಕದಲ್ಲಿ ಕುಳಿತಿರುವೆನು. ಬರುವ ಕ್ರಿಸ್ತಜಯಂತಿಗೆ ಆ ವರ್ಷ ತುಂಬುತ್ತದೆ. ಅವಳು ಏನು ಮಾಡುವಳೋ ನಾನರಿಯೆ. ಬೇಡವೆನ್ನಲಿ ಎಂಬುದೇ ಇಂದಿಗೂ ನನ್ನ ಆಸೆ. ಅದನ್ನು ಅವಳಿಂದ ಮರೆಮಾಡಿಲ್ಲ. ನನ್ನ ಯಜಮಾನರು ಈ ಒಪ್ಪಂದಕ್ಕೆ ಇನ್ನೂ ಒಪ್ಪಿಲ್ಲವಾದರೂ ಫೀಜನ್ನು ಕಟ್ಟಿದ್ದಾರೆ.

ಆದಕಾರಣ ಸಹೋದರಿಯರೇ, ಮಕ್ಕಳ ತಂದೆತಾಯಿಗಳೇ, ನನ್ನ ಬಿನ್ನಹವಿಷ್ಟೆ. ನಿಮ್ಮ ಮಗಳು ಇಂತಹ ಮಾತೆತ್ತಿದರೆ ಮೊದಲು ಏನನ್ನು, ಏಕೆ ಎಂದು ಕೇಳಿರಿ. ಗೆಳತಿಯರು ಹೊಯ್ಯಿಸಿಕೊಂಡರೆಂಬುದೇ ಕಾರಣವಾದರೆ ಕಾಲವೇ ಅದನ್ನು ಸಡಿಲಿಸುವುದು. ದುಃಖವೋ ಪ್ರೀತಿಯೋ ಕಾರಣವಾದರೆ ಆ ದುಃಖಕ್ಕೆ ಮೊದಲು ಕಿವಿಗೊಡಿರಿ. ದೇವರ ವಾಕ್ಯವನ್ನು ಬೆತ್ತವಾಗಿ ಹಿಡಿಯಬೇಡಿರಿ. ಫೀಜಿನ ಮಾತನ್ನು ನಡುವೆ ತರಬೇಡಿರಿ. ನಿಮಗೆ ಗೊತ್ತಿರುವ ಸತ್ಯವನ್ನೆಲ್ಲಾ ಹೇಳಿ, ಒಂದು ವರ್ಷದ ಅವಧಿಯನ್ನು ಬೇಡಿಕೊಳ್ಳಿರಿ. ಅನಂತರ ಅವಳು ಯಾವ ಕೈಯೊಡನೆ ಮನೆಗೆ ಬಂದರೂ ಆ ಕೈಯನ್ನು ಹಿಡಿದು ಒಳಗೆ ಕರೆದುಕೊಳ್ಳಿರಿ. ಅಷ್ಟಕ್ಕೆ ಬೇಕಾದ ತಾಳ್ಮೆಯನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.