ಫಲಿತಾಂಶದ ಲೆಕ್ಕದಲ್ಲಿ ಸೇರದ ಮಕ್ಕಳು

ಪದವಿ ಕಾಲೇಜುಗಳ ವಾರ್ಷಿಕ ಫಲಿತಾಂಶ ಬಂದೊಡನೆ ಊರಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ರ‍್ಯಾಂಕ್ ಪಡೆದವರ ಭಾವಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಶೇಕಡಾವಾರು. ಮಕ್ಕಳ ಸಾಧನೆಗೆ ಸಂತೋಷಪಡಲೇಬೇಕು. ಆದರೆ ಆ ಶೇಕಡಾವಾರು ಎಷ್ಟು ಮಕ್ಕಳನ್ನು ಲೆಕ್ಕಕ್ಕೆ ಹಿಡಿದು ಬಂದದ್ದು ಎಂದು ಯಾರೂ ಕೇಳುವುದಿಲ್ಲ.

ಮೊದಲ ವರ್ಷಕ್ಕೆ 100 ಮಕ್ಕಳು ಸೇರಿದರು ಎನ್ನಿ. ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಕೂತವರು 70, ಪಾಸಾದವರು 63. ಫ್ಲೆಕ್ಸಿನಲ್ಲಿ ಶೇ. 90 ಎಂದು ಬರುತ್ತದೆ. ಸೇರಿದವರ ಲೆಕ್ಕದಲ್ಲಿ ಅದು ಶೇ. 63. ನಡುವೆ ಬಿಟ್ಟುಹೋದ 30 ಮಕ್ಕಳು ಎಲ್ಲಿಯೂ ಕಾಣುವುದಿಲ್ಲ. ಎಂಜಿನಿಯರ್ ಆಗಿದ್ದವನಿಗೆ ಇದು ಒಪ್ಪಿಗೆಯಾಗದು. ಒಡೆದ ಕಾಂಕ್ರೀಟ್ ಕ್ಯೂಬ್‌ಗಳನ್ನು ಬದಿಗಿಟ್ಟು, ಗಟ್ಟಿಯಾದವುಗಳ ಸರಾಸರಿಯನ್ನಷ್ಟೇ ಬರೆದರೆ ಸೇತುವೆ ನಿಂತೀತೇ?

ನಮ್ಮ ಸಾಗರ ಸೀಮೆಗೆ ಸರಿಯಾದ ಲೆಕ್ಕ ಹೊಸದಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಶಿಸ್ತು ಎಂಬ ಕಂದಾಯ ಪದ್ಧತಿ ತಂದನು. ಭೂಮಿಯನ್ನು ಗುಣಕ್ಕೆ ತಕ್ಕಂತೆ ವಿಂಗಡಿಸಿ, ಹನ್ನೆರಡು ವರ್ಷ ಬೀಜ, ಬೆಳೆ, ಬೆಲೆಗಳ ಲೆಕ್ಕವಿಟ್ಟು, ಆಮೇಲೆ ಕಂದಾಯ ಗೊತ್ತುಮಾಡಿದನೆಂದು ಇತಿಹಾಸ ಹೇಳುತ್ತದೆ. ಮಕ್ಕಿ ಗದ್ದೆಯನ್ನೂ ನೀರಾವರಿ ತೋಟವನ್ನೂ ಒಂದೇ ಅಳತೆಯಲ್ಲಿ ತೂಗಲಿಲ್ಲ. ನಾವು ಮಾತ್ರ ಎಲ್ಲ ಮಕ್ಕಳನ್ನೂ ಒಂದೇ ವರ್ಷದ ಒಂದೇ ಅಂಕಿಯಿಂದ ತೂಗುತ್ತಿದ್ದೇವೆ.

ಬಿಟ್ಟುಹೋಗುವ ಮಕ್ಕಳು ಯಾರು? ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನ, ವಾಣಿಜ್ಯವನ್ನು ಇಂಗ್ಲಿಷಿನಲ್ಲಿ ಎದುರಿಸಿದವರು. ಅಡಿಕೆ ಸುಗ್ಗಿ ಬಂದರೆ ಕೂಲಿಗೆ ಹೋಗಲೇಬೇಕಾದ ಮನೆಯವರು. ಮಳೆಗಾಲದಲ್ಲಿ ಬಸ್ಸು ತಪ್ಪಿ, ಶೇ. 75ರ ಹಾಜರಾತಿ ತುಂಬದವರು. ಶರಾವತಿ ಹಿನ್ನೀರಿನಾಚೆ ತುಮರಿ ಭಾಗದವರು ಲಾಂಚ್ ನಂಬಿ ದಶಕಗಳನ್ನೇ ಕಳೆದರು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ದಾರಿಯೇನೋ ಆಯಿತು, ಓದು ಮುಗಿಸುವ ಆಸರೆ ಇನ್ನೂ ಬೇಕು.

ಪ್ರಾಂಶುಪಾಲರ ಕಷ್ಟವೂ ಸುಳ್ಳಲ್ಲ. ನ್ಯಾಕ್ ತಂಡಕ್ಕೆ ಅಂಕಿ ತೋರಿಸಬೇಕು, ಪ್ರವೇಶ ಕುಸಿಯಬಾರದು. ಒಂದು ಕಾಲೇಜು ಮಾತ್ರ ನಿಜ ಹೇಳಿದರೆ ಪಾಲಕರು ಪಕ್ಕದ ಕಾಲೇಜಿಗೆ ಹೋಗುತ್ತಾರೆ. ಹಾಗಾದರೆ ಮೊದಲು ಹೇಳುವವರು ಯಾರು? ಮಠಗಳ ವಿದ್ಯಾಸಂಸ್ಥೆಗಳೇ ಹೇಳಬೇಕು. ಅವು ಹುಟ್ಟಿದ್ದು ವ್ಯಾಪಾರಕ್ಕಲ್ಲ, ದಾಸೋಹಕ್ಕೆ. ಅನ್ನ, ಅಕ್ಷರ, ಆಶ್ರಯ ಮೂರೂ ಒಟ್ಟಿಗೆ ಇರಬೇಕೆಂದು ಸಿದ್ಧಗಂಗೆ ನಾಡಿಗೆ ತೋರಿಸಿಕೊಟ್ಟಿದೆ. ಅನುಭವ ಮಂಟಪದಲ್ಲಿ ಕಾಯಕ ಜೀವಿಗಳೆಲ್ಲ ಸರಿಸಮನಾಗಿ ಕೂತರು. ಹಿಂದುಳಿದವರನ್ನು ಹೊರಗಿಟ್ಟು ಸಭೆಯ ಶೋಭೆ ಹೆಚ್ಚಿಸಿಕೊಳ್ಳಲಿಲ್ಲ.

ಪೂಜ್ಯರಲ್ಲಿ ಮೂರು ಬಿನ್ನಹ. ಒಂದು, ಪ್ರತಿ ಕಾಲೇಜು ಸೇರಿದವರು, ಬಿಟ್ಟವರು, ಪಾಸಾದವರು ಎಂಬ ಮೂರು ಅಂಕಿಗಳನ್ನೂ ಐದು ವರ್ಷಗಳಿಗೆ ಒಟ್ಟಿಗೆ ಪ್ರಕಟಿಸಲಿ. ಎರಡು, ಮಠದ ಪ್ರಸಾದ ನಿಲಯಗಳಲ್ಲಿ ಪದವಿ ಓದುವ ಹೆಣ್ಣುಮಕ್ಕಳಿಗೂ, ಎಲ್ಲ ಜಾತಿಯ ಮಕ್ಕಳಿಗೂ ಜಾಗ ಹೆಚ್ಚಲಿ. ಮೂರು, ನಮ್ಮಂಥ ನಿವೃತ್ತರನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ಬದಲು ಸಂಜೆ ಎರಡು ಗಂಟೆ ಗಣಿತ, ಇಂಗ್ಲಿಷ್ ಪಾಠಕ್ಕೆ ಹಚ್ಚಲಿ. ಪಿಂಚಣಿ ಬರುತ್ತಿದೆ ಎಂದು ಕಾಯಕ ಮುಗಿಯಿತೆಂದಲ್ಲ.

ಮುಂದಿನ ವರ್ಷದ ಫ್ಲೆಕ್ಸಿನಲ್ಲಿ ಶೇಕಡಾವಾರು ಇಳಿದರೂ ಚಿಂತೆಯಿಲ್ಲ. ಬಿಟ್ಟುಹೋದವರ ಸಂಖ್ಯೆ ಇಳಿದಿದೆಯೇ ಎಂದು ನೋಡೋಣ.